ಬಣ್ಣದ ನೀರಿಗೆ ಸಾಮೂಹಿಕ ಸಂಸ್ಕರಣಾ ಘಟಕ ಬೇಕು

ಮಾನ್ಯರೇ,

ನಮ್ಮ ಬೀದಿಯ ಚರಂಡಿ ಒಂದು ದಿನ ಕಡುಗೆಂಪು, ಮರುದಿನ ನವಿಲುನೀಲಿ. ರೇಷ್ಮೆಗೆ ಅಂದು ಯಾವ ಬಣ್ಣ ಹಾಕಿದರೆಂದು ಅದನ್ನು ನೋಡಿಯೇ ಹೇಳಬಹುದು. ಆದರೆ ತೊಂದರೆ ಬಣ್ಣಕ್ಕಿಂತ ಮೊದಲೇ ಶುರುವಾಗಿರುತ್ತದೆ. ಸೋಪು, ಸೋಡಾ ಹಾಕಿ ಕುದಿಸಿದಾಗ ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಶೇ 20ರಿಂದ 25ರಷ್ಟಿರುವ ಸೆರಿಸಿನ್ ಎಂಬ ಅಂಟು ಕರಗಿ ನೀರಿಗೆ ಸೇರುತ್ತದೆ, ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಸುಣ್ಣ, ಪಟಿಕ ಹಾಕಿ ನೀರು ತಿಳಿಯಾದರೆ ಸಾಕೆಂಬ ನಂಬಿಕೆಯೂ ಸರಿಯಲ್ಲ; ಕರಗಿದ ಉಪ್ಪು ಹಾಗೆಯೇ ಉಳಿಯುವುದರಿಂದ ಸೂಕ್ಷ್ಮಜೀವಿಗಳಿಂದ ಕೊಳೆ ತೆಗೆಯುವ ಜೈವಿಕ ಸಂಸ್ಕರಣೆಯ ನಂತರ, ಪೊರೆಯಲ್ಲಿ ಸೋಸಿ ಉಪ್ಪು ತೆಗೆಯುವ ಆರ್‌ಒ ಕೂಡ ಬೇಕಾಗುತ್ತದೆ. ನಾಲ್ಕು ತೊಟ್ಟಿ ಇಟ್ಟುಕೊಂಡು ಬಣ್ಣ ಹಾಕುವವರು (ಅವರೂ ನಮ್ಮವರೇ) ಈ ಖರ್ಚು ಹೊರಲಾರರು. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆ, ಕೊಳವೆಬಾವಿಗಳನ್ನೇ ನಂಬಿರುವ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಸರ್ಕಾರವೇ ಸಾಮೂಹಿಕ ಘಟಕ ಕಟ್ಟಿ, ಬಿಡುವ ನೀರಿನ ಪ್ರಮಾಣಕ್ಕೆ ತಕ್ಕ ಶುಲ್ಕ ಪಡೆಯಲಿ.

– ಓದುಗರೊಬ್ಬರು, ಶಿಡ್ಲಘಟ್ಟ