ಗ್ರಾಹಕರಿಗೆ ಪತ್ರ: ಅಂಗಳಕ್ಕೆ ಚೆಲ್ಲುವ ಕಲ್ಲುಪ್ಪಿನ ಚೀಲ ಇನ್ನು ಸಿಗುವುದಿಲ್ಲ

ತೀರ್ಥಹಳ್ಳಿ

ಗ್ರಾಹಕ ಬಾಂಧವರೆ, ನಮಸ್ಕಾರ.

ಈ ಮಳೆಗಾಲದಿಂದ ಅಂಗಳದ ಪಾಚಿಗೆಂದು ಕೊಡುತ್ತಿದ್ದ 50 ಕೆಜಿ ಕಲ್ಲುಪ್ಪಿನ ಚೀಲವನ್ನು ನಿಲ್ಲಿಸುತ್ತಿದ್ದೇವೆ. ಅದರ ಬದಲು ಬ್ಲೀಚಿಂಗ್ ಪೌಡರಿನ 1 ಕೆಜಿ ಸೀಲ್ ಪ್ಯಾಕೆಟ್ ಇರುತ್ತದೆ. ಮಿಡಿ ಉಪ್ಪಿಗೆ ಹಾಕುವ ಅಯೋಡಿನ್ ಹರಳುಪ್ಪು ಎಂದಿನಂತೆ ಸಿಗುತ್ತದೆ, ಅದರ ಚಿಂತೆ ಬೇಡ. ಮಳೆ ಹಿಡಿಯುವ ಹೊತ್ತಿಗೆ ಹೇಳುತ್ತಿರುವುದಕ್ಕೆ ಕ್ಷಮೆ ಇರಲಿ.

ಮೊದಲು ತೂಕದ ಮಾತು. ಚೀಲದಲ್ಲಿ ಎರಡು ಮೂರು ಕೆಜಿ ಹೊಡೆಯುತ್ತಾರೆ ಎಂಬ ಮಾತು ನಮ್ಮ ಕಿವಿಗೂ ಬಿದ್ದಿದೆ. ಗೋಕರ್ಣದ ಹತ್ತಿರದ ಸಾಣಿಕಟ್ಟದ ಗದ್ದೆಗಳಲ್ಲಿ ಉಪ್ಪು ತೆಗೆಯುವುದು ಬೇಸಿಗೆಯಲ್ಲಿ, ಮಳೆ ಬಿದ್ದರೆ ಆ ಕೆಲಸ ಮುಗಿಯಿತು. ಹಾಗಾಗಿ ಇಡೀ ಮಳೆಗಾಲದ ಮಾಲನ್ನು ಮೊದಲೇ ಘಾಟಿ ಹತ್ತಿಸಿ ತಂದು ಇಡಬೇಕು. ಗಾಳಿಯ ತೇವ ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರೆಳೆದು ಕರಗತೊಡಗುತ್ತದೆ. ಆರಿದ್ರಾ, ಪುನರ್ವಸು ಮಳೆಯಲ್ಲಿ ನಮ್ಮೂರಿನ ಗಾಳಿ ಅದಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಮೊದಲು ಚೀಲದ ತೂಕ ಏರುತ್ತದೆ, ಆಮೇಲೆ ಉಪ್ಪುನೀರು ತಳದಿಂದ ಸೋರಿ ಇಳಿಯುತ್ತದೆ. ಕೆಳಗೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ, ಮೇಲೆ ಟಾರ್ಪಾಲು ಮುಚ್ಚಿದರೂ ಅದು ನಿಲ್ಲಲಿಲ್ಲ. ಸೋರಿದ ನೀರಿಗೆ ಶಟರಿನ ಬುಡವೂ ತಕ್ಕಡಿಯ ತಟ್ಟೆಯೂ ತುಕ್ಕು ಹಿಡಿದವು. ಲಾರಿ ಬಾಡಿಗೆ, ಹಮಾಲಿ, ಕರಗಿಹೋದ ಉಪ್ಪು ಎಲ್ಲ ನಮ್ಮ ಲೆಕ್ಕಕ್ಕೇ ಬಿತ್ತು. ನಿಮ್ಮ ಕಣ್ಣೆದುರೇ ತೂಗಿ, ಕಡಿಮೆ ಬಂದಷ್ಟು ತುಂಬಿಕೊಟ್ಟಿದ್ದೇವೆ. ಕದಿಯುವ ಜನ ತುಂಬಿಕೊಡುತ್ತಾರೆಯೇ?

ಇನ್ನು ಎಲ್ಲರೂ ಕೇಳುವ ಪ್ರಶ್ನೆ: "ಅಮೆರಿಕದಲ್ಲಿ ಫುಟ್‌ಪಾತಿಗೆಲ್ಲ ಉಪ್ಪೇ ಚೆಲ್ತಾರೆ, ಮೊಬೈಲಲ್ಲಿ ನೋಡಿದ್ದೇವೆ. ನಿಮಗೆ ಮಾತ್ರ ಯಾಕೆ ಬೇಡ?"

ಚೆಲ್ಲುವುದು ನಿಜ. ಆದರೆ ಅಲ್ಲಿ ಜಾರಿಸುವುದು ಮಂಜುಗಡ್ಡೆ. ಶುದ್ಧ ನೀರು 0 ಡಿಗ್ರಿಯಲ್ಲಿ ಹೆಪ್ಪುಗಟ್ಟಿದರೆ, ಉಪ್ಪು ಬೆರೆತ ನೀರಿಗೆ ಅದಕ್ಕಿಂತ ಹೆಚ್ಚು ಚಳಿ ಬೇಕು. ನೂರರಲ್ಲಿ 23 ಪಾಲು ಉಪ್ಪಿದ್ದರೆ ಮೈನಸ್ 21 ಡಿಗ್ರಿಯವರೆಗೂ ಅದು ನೀರಾಗಿಯೇ ಇರುತ್ತದೆ. ರಸ್ತೆಯ ಮೇಲೆ ಮಾತ್ರ ಮೈನಸ್ 9ರ ಆಸುಪಾಸಿಗೇ ಉಪ್ಪಿನ ಆಟ ಮಂದವಾಗುತ್ತದೆ, ಅದಕ್ಕೂ ಹೆಚ್ಚಿನ ಚಳಿಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತಾರೆ, ಇಲ್ಲವೇ ಮರಳು ಚೆಲ್ಲುತ್ತಾರೆ. ಅಷ್ಟಾಗಿಯೂ ಕಾರಿನ ತಳ ತುಕ್ಕು ಹಿಡಿಯುವುದು, ಕಾಂಕ್ರೀಟ್ ಸಿಪ್ಪೆ ಏಳುವುದು, ರಸ್ತೆ ಬದಿಯ ಗಿಡ ಒಣಗುವುದು ಅವರಿಗೂ ತಪ್ಪಿಲ್ಲ.

ನಮ್ಮಲ್ಲಿ ಮಾಗಿಯ ಚಳಿಗೂ ಅಂಗಳದ ನೀರು ಗಡ್ಡೆಯಾಗುವುದಿಲ್ಲ. ಜಾರಿಸುವುದು ಪಾಚಿಯ ಲೋಳೆ. ಗಟ್ಟಿ ಉಪ್ಪುನೀರು ಪಾಚಿಯ ನೀರು ಹೀರಿ ಒಣಗಿಸುತ್ತದೆ, ನಿಜ. ಆದರೆ ಅದು ಗಂಟೆಗಟ್ಟಲೆ ಅಲ್ಲೇ ನಿಲ್ಲಬೇಕು. ಜಡಿಮಳೆಯಲ್ಲಿ ನಿಲ್ಲುವುದುಂಟೆ? ತೊಳೆದುಕೊಂಡು ಮನೆಯ ಕೆಳಗಿನ ತೋಟಕ್ಕೇ ಇಳಿಯುತ್ತದೆ. ತೆಂಗು ಒಂದಿಷ್ಟು ತಡೆದೀತು, ಅಡಿಕೆಗೆ ಉಪ್ಪು ಆಗಿಬರುವುದಿಲ್ಲ. ಜಂಬಿಟ್ಟಿಗೆಯೊಳಗೆ ಇಳಿದ ಉಪ್ಪು ಬೇಸಿಗೆಯಲ್ಲಿ ಹರಳಾಗಿ ಕಲ್ಲನ್ನು ಪುಡಿ ಉದುರಿಸುತ್ತದೆ, ಕಾಂಕ್ರೀಟಿಗೆ ಇಳಿದದ್ದು ಕಬ್ಬಿಣವನ್ನು ತಿನ್ನುತ್ತದೆ. ಲಾಭ ಅಂಗಳ ನೆಕ್ಕುವ ದನಕ್ಕೆ ಮಾತ್ರ.

ಉಪ್ಪಿನಲ್ಲಿದ್ದು ಕಬ್ಬಿಣ ತಿನ್ನುವ ಕ್ಲೋರೈಡ್ ಬ್ಲೀಚಿಂಗ್ ಪೌಡರಿನಲ್ಲೂ ಇಲ್ಲವೇ ಎಂದರೆ, ಇದೆ. ಆದರೆ ಚೀಲಗಟ್ಟಲೆ ಸುರಿಯುವುದು ಬೇರೆ, 100 ಗ್ರಾಂ ಹಾಕುವುದು ಬೇರೆ.

ಮಳೆ ಹೊಳವಾದ ದಿನ ನೋಡಿ ಹಿಡಿಯಿರಿ. ಮೊದಲು ಲೋಳೆಯನ್ನು ಸಲಿಕೆಯಿಂದ ಕೆರೆದು ತೆಗೆಯಿರಿ. ಕೆರೆಯದೆ ಹಾಕಿದರೆ ಔಷಧಿ ಮೇಲ್ಪದರದಲ್ಲೇ ಖರ್ಚಾಗಿ ಬುಡ ಮತ್ತೆ ಚಿಗುರುತ್ತದೆ. ಪ್ಲಾಸ್ಟಿಕ್ ಬಕೆಟಿನಲ್ಲಿ 10 ಲೀಟರ್ ನೀರಿಗೆ 100 ಗ್ರಾಂ ಪುಡಿ ಕಲಸಿ, ಸುಣ್ಣ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಚಿಮುಕಿಸಿ. ಸುಮಾರು 100 ಚದರ ಅಡಿಗೆ ಇಷ್ಟು ಸಾಕು. 20 ನಿಮಿಷ ಬಿಟ್ಟು ಕಡ್ಡಿ ಪೊರಕೆಯಿಂದ ಉಜ್ಜಿ ತೊಳೆಯಿರಿ. ನೀರು ಬಾವಿಗೂ ಮೀನಿನ ಕೆರೆಗೂ ಹೋಗದಂತೆ ಮೊದಲೇ ದಾರಿ ಮಾಡಿಕೊಳ್ಳಿ. ಕೈಗವಸು ಇರಲಿ, ಬಣ್ಣದ ಬಟ್ಟೆ ಬೇಡ. ಟಾಯ್ಲೆಟ್ ಆಸಿಡ್ ಜೊತೆ ಯಾವ ಕಾರಣಕ್ಕೂ ಸೇರಿಸಬೇಡಿ, ವಿಷದ ಗಾಳಿ ಏಳುತ್ತದೆ. ಯೂರಿಯಾ ಚೀಲದ ಹತ್ತಿರವೂ ಇಡಬೇಡಿ.

ಪುಡಿ "ಸತ್ತಿದೆ" ಎನ್ನುವವರು ಪ್ಯಾಕೆಟ್ ಒಡೆದು ಎಷ್ಟು ದಿನವಾಯಿತೆಂದು ನೋಡಿ. ತೇವ ತಗುಲಿದರೆ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿಯುತ್ತದೆ. ದೊಡ್ಡ ಚೀಲ ಬಿಟ್ಟು 1 ಕೆಜಿ ಪ್ಯಾಕೆಟ್ ತರಿಸಿದ್ದು ಇದೇ ಕಾರಣಕ್ಕೆ. ಕೆಜಿ ಲೆಕ್ಕದಲ್ಲಿ ಉಪ್ಪಿಗಿಂತ ದುಬಾರಿ, ಒಪ್ಪುತ್ತೇವೆ. ಆದರೆ ಒಂದು ಪ್ಯಾಕೆಟ್ 1,000 ಚದರ ಅಡಿಗೆ ಬರುತ್ತದೆ.

ವಯಸ್ಸಾದವರಿರುವ ಮನೆಯಲ್ಲಿ ಪುಡಿಯೊಂದನ್ನೇ ನಂಬಬೇಡಿ. ಬಚ್ಚಲಿಗೆ, ಕೊಟ್ಟಿಗೆಗೆ ಹೋಗುವ ದಾರಿಗೆ ಅಡಿಕೆ ದಬ್ಬೆ ಹಾಸಿಯೇ ಹಾಸಿ.

ಉಪ್ಪಿಗೆ ಮುಂಗಡ ಕೊಟ್ಟವರು ಚೀಟಿ ತಂದರೆ ಪೂರ್ತಿ ಹಣ ವಾಪಸು, ಅಥವಾ ಅಷ್ಟೇ ಬೆಲೆಯ ಪ್ಯಾಕೆಟ್. ಮೊದಲ ಸಲ ಬಳಸುವವರಿಗೆ ಅಂಗಡಿಯಲ್ಲೇ ಕಲಸಿ ತೋರಿಸುತ್ತೇವೆ. ಸಂತೆಯ ದಿನ ಮಾತ್ರ ಬೇಡ, ಅವತ್ತು ಪುರುಸೊತ್ತಿರುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಅಂಗಡಿಯ ಪರವಾಗಿ