ಶನಿವಾರದ ಪುಸ್ತಕ ವಿನಿಮಯ: 8, 9 ಮತ್ತು 10ನೇ ತರಗತಿಯ ಪೋಷಕರಿಗೆ

ಮಾನ್ಯ ಪೋಷಕರೆ,

ನಮಸ್ಕಾರಗಳು. ದಸರಾ ರಜೆ ಮುಗಿದು ಶಾಲೆ ಶುರುವಾದ ವಾರದಲ್ಲೇ ಒಂಬತ್ತನೇ ತರಗತಿಯ ಪೋಷಕರ ವಾಟ್ಸಾಪ್ ಗ್ರೂಪಿನಲ್ಲಿ ಇಂಗ್ಲಿಷ್ ಕಾದಂಬರಿಯೊಂದರ ಪುಟದ ಫೋಟೊ ಬಂದದ್ದು ನಿಮ್ಮಲ್ಲಿ ಬಹಳ ಜನರಿಗೆ ಗೊತ್ತಿದೆ. ಅದರ ಕೆಳಗೆ "ಶಾಲೆಯಲ್ಲಿ ಮಕ್ಕಳ ಕೈಗೆ ಕೊಡೋದು ಇಂಥದ್ದನ್ನಾ?" ಎಂಬ ಪ್ರಶ್ನೆಯೂ ಇತ್ತು. ಪ್ರಶ್ನೆ ಕೇಳಿದ್ದರಲ್ಲಿ ತಪ್ಪಿಲ್ಲ. ಮಗಳ ಬ್ಯಾಗಿನಲ್ಲಿ ಏನಿದೆ ಎಂದು ನೋಡುವ ತಂದೆತಾಯಿ ಇದ್ದಾರಲ್ಲ ಎಂದು ನಮಗೆ ಸಮಾಧಾನವೇ. ಆದರೆ ಆ ಫೋಟೊ ಬೇರೆ ತರಗತಿಗಳ ಗ್ರೂಪಿಗೆ ಹೋಗಿ, ಅಲ್ಲಿಂದ ಊರಿಗೆಲ್ಲ ಹೋಗಿ, ಕಡೆಗೆ "ಪಾಠ ಬಿಟ್ಟು ಕೊಲೆ ಕತೆ ಓದಿಸ್ತಾರಂತೆ" ಎಂಬಲ್ಲಿಗೆ ಬಂದು ನಿಂತಿತು. ಆಡಳಿತ ಮಂಡಳಿಯವರೂ ವಿವರ ಕೇಳಿದರು. ಅವರಿಗೆ ಕೊಟ್ಟ ವಿವರವನ್ನೇ ನಿಮಗೂ ಕೊಡುತ್ತಿದ್ದೇನೆ.

ಶನಿವಾರ ಬೆಳಗಿನ ಶಾಲೆಯ ಕೊನೆಯ ಪೀರಿಯಡ್ಡಿನಲ್ಲಿ ಮಕ್ಕಳು ತಮಗೆ ಇಷ್ಟವಾದ ಕಾದಂಬರಿಯನ್ನು ತಂದು ಇನ್ನೊಬ್ಬರಿಗೆ ಓದಲು ಕೊಡುತ್ತಾರೆ. ಇದು ಜೂನ್‌ನಿಂದ ನಡೆಯುತ್ತಿದೆ. ಪುಸ್ತಕಗಳು ಹೆಚ್ಚಾಗಿ ಅವರ ಮನೆಯವೇ. ಕೆಲವು ನಮ್ಮ ಗ್ರಂಥಾಲಯದವು. ಓದಲೇಬೇಕೆಂಬ ಒತ್ತಾಯವಿಲ್ಲ, ಅಂಕವಿಲ್ಲ, ಪ್ರಶ್ನೆ ಕೇಳುವುದಿಲ್ಲ. ಕನ್ನಡದ ಮೇಷ್ಟ್ರು, ಇಂಗ್ಲಿಷ್ ಟೀಚರು ಇಬ್ಬರೂ ಅಲ್ಲೇ ಕೂತಿರುತ್ತಾರೆ. ಪುಸ್ತಕ ಯಾರದು, ಯಾರಿಗೆ ಹೋಯಿತು, ಯಾವತ್ತು ವಾಪಸ್ ಬಂತು ಎಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆಯಲಾಗುತ್ತದೆ.

ಗೋಡೆಯ ಮೇಲೆ ಎರಡು ಚಾರ್ಟುಗಳಿವೆ. ಒಂದರಲ್ಲಿ ಇಷ್ಟವಾದ ಪುಸ್ತಕಗಳು. ಇನ್ನೊಂದರಲ್ಲಿ ಕಾಯುತ್ತಿರುವ ಪುಸ್ತಕಗಳು: ಇನ್ನೂ ಅಚ್ಚಾಗಿ ಬರಬೇಕಾದವು, ಬಂದರೂ ನಮ್ಮ ಊರಿನ ಅಂಗಡಿಗೆ ತಲುಪದವು, ಎದುರು ಬೆಂಚಿನವನ ಬ್ಯಾಗಿನಲ್ಲೇ ಇದ್ದು ತನ್ನ ಸರದಿ ಬಾರದವು. ಈ ಎರಡನೇ ಚಾರ್ಟಿನ ಮುಂದೆಯೇ ಗಲಾಟೆ ಜಾಸ್ತಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' 1980ರಲ್ಲಿ ಬಂದ ಕಾದಂಬರಿ, ನಿಮ್ಮಲ್ಲಿ ಹಲವರು ಓದಿರುತ್ತೀರಿ. ಎಂಟನೇ ತರಗತಿಯಲ್ಲಿ ಅದಕ್ಕೆ ಎಷ್ಟು ಬೇಡಿಕೆಯೆಂದರೆ ಮಕ್ಕಳೇ ಒಂದು ಕಾನೂನು ಮಾಡಿಕೊಂಡಿದ್ದಾರೆ. ಕತೆಯಲ್ಲಿ ಹುಡುಕಿಕೊಂಡು ಹೋಗುವ ಹಾರುವ ಓತಿ ಕೈಗೆ ಸಿಕ್ಕಿತೋ ಇಲ್ಲವೋ ಎಂದು ಓದದವರ ಮುಂದೆ ಬಾಯಿ ಬಿಟ್ಟವನ ಹೆಸರು ಮುಂದಿನ ಪುಸ್ತಕದ ಸರದಿಯಲ್ಲಿ ಕಟ್ಟಕಡೆಗೆ ಹೋಗುತ್ತದೆ. ಒಬ್ಬ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಬಾಯಿ ಬಿಟ್ಟನೆಂದು ಮರುದಿನ ನನ್ನ ಕೊಠಡಿಯವರೆಗೂ ದೂರು ಬಂತು. ಶಾಲೆಯ ಯಾವ ನಿಯಮವನ್ನೂ ಇವರು ಇಷ್ಟು ನಿಷ್ಠೆಯಿಂದ ಪಾಲಿಸಿದ್ದು ನಾನು ಕಂಡಿಲ್ಲ.

ಈಗ ಫೋಟೊದ ಪುಸ್ತಕಕ್ಕೆ ಬರುತ್ತೇನೆ. ಅದು ಸುಜಾನ್ ಕಾಲಿನ್ಸ್ ಬರೆದ 'ದ ಹಂಗರ್ ಗೇಮ್ಸ್', 2008ರಲ್ಲಿ ಪ್ರಕಟವಾದದ್ದು. ರಾಜಧಾನಿಯ ಆಡಳಿತ ಹನ್ನೆರಡು ಜಿಲ್ಲೆಗಳ ಮೇಲೆ ದಂಡದ ಹಾಗೆ ಒಂದು ಪದ್ಧತಿ ಹೇರಿರುತ್ತದೆ. ಪ್ರತಿ ವರ್ಷ ಪ್ರತಿ ಜಿಲ್ಲೆಯಿಂದ ಹನ್ನೆರಡರಿಂದ ಹದಿನೆಂಟು ವರ್ಷದೊಳಗಿನ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ಚೀಟಿ ಎತ್ತಿ ಆರಿಸಿ, ಅವರೊಳಗೇ ಕಾದಾಡಲು ಬಿಡುತ್ತಾರೆ, ಒಬ್ಬರು ಉಳಿಯುವವರೆಗೆ. ಅದನ್ನು ಟೀವಿಯಲ್ಲಿ ತೋರಿಸುತ್ತಾರೆ. ಹೌದು, ಅದರಲ್ಲಿ ಮಕ್ಕಳು ಸಾಯುತ್ತಾರೆ. ಇದನ್ನು ನಾನು ಮುಚ್ಚಿಡುತ್ತಿಲ್ಲ. ಓದುವಾಗ ನನಗೂ ಹೊಟ್ಟೆ ತೊಳಸಿತು. ತೊಳಸಲಿ ಎಂದೇ ಆಕೆ ಹಾಗೆ ಬರೆದದ್ದು. ಫೋಟೊದಲ್ಲಿದ್ದ ಪುಟಕ್ಕಿಂತ ಬಹಳ ಮೊದಲೇ, ಚೀಟಿಯಲ್ಲಿ ತಂಗಿಯ ಹೆಸರು ಬಂದಾಗ ಅವಳ ಬದಲು ನಾನು ಹೋಗುತ್ತೇನೆಂದು ಅಕ್ಕ ಮುಂದೆ ಬರುವ ಪುಟ ಇದೆ. ಆ ಪುಟದ ಫೋಟೊವನ್ನು ಯಾರೂ ಹಾಕಲಿಲ್ಲ.

ನಮ್ಮ ಮಕ್ಕಳಿಗೆ ಇದು ತೀರ ಹೊಸ ಕತೆಯೇನೂ ಅಲ್ಲ. ಏಕಚಕ್ರ ನಗರದಲ್ಲಿ ಬಕಾಸುರನಿಗೆ ಒಂದು ಬಂಡಿ ಅನ್ನ, ಜೊತೆಗೆ ಸರದಿಯಂತೆ ಮನೆಗೊಬ್ಬ ಮನುಷ್ಯ. ಬ್ರಾಹ್ಮಣನ ಮನೆಯ ಸರದಿ ಬಂದ ದಿನ ಅಪ್ಪ ನಾನು ಹೋಗುತ್ತೇನೆ ಅನ್ನುತ್ತಾನೆ, ಅಮ್ಮ ನಾನು ಅನ್ನುತ್ತಾಳೆ, ಮಗಳು ನಾನು ಅನ್ನುತ್ತಾಳೆ, ಮಾತು ಕಲಿಯುತ್ತಿರುವ ಗಂಡುಕೂಸು ಹುಲ್ಲುಕಡ್ಡಿ ಹಿಡಿದು ರಾಕ್ಷಸನನ್ನು ಕೊಲ್ಲುತ್ತೇನೆಂದು ಹೊರಡುತ್ತದೆ. ಇದನ್ನು ಮಕ್ಕಳಿಗೆ ಊಟದ ಹೊತ್ತಿಗೆ ಹೇಳಿದವರು ನಾವೇ. ಯಕ್ಷಗಾನದಲ್ಲಿ ರಾತ್ರಿಯಿಡೀ ಕೂರಿಸಿಕೊಂಡು ತೋರಿಸಿದವರೂ ನಾವೇ. ಆಗ ಮಕ್ಕಳು ಕೆಟ್ಟಾರು ಎಂದು ಯಾರಿಗೂ ಅನಿಸಲಿಲ್ಲ. ಕಾಲಿನ್ಸ್ ಅವರ ಕತೆಗೆ ಗ್ರೀಕರ ಪುರಾಣವೊಂದರ ಪ್ರೇರಣೆಯಿದೆ. ಅಲ್ಲೂ ದೈತ್ಯನಿಗೆ ವಂತಿಯಂತೆ ಹುಡುಗ ಹುಡುಗಿಯರನ್ನು ಕಳಿಸುವುದೇ ವಸ್ತು.

ಇಷ್ಟು ಹೇಳಿದರೂ, ಎಲ್ಲ ಪುಸ್ತಕ ಎಲ್ಲ ವಯಸ್ಸಿಗೂ ಸರಿ ಎಂದು ನಾನು ಹೇಳುತ್ತಿಲ್ಲ. ಈ ಹಂಗರ್ ಗೇಮ್ಸ್ ಸರಣಿಯನ್ನು ಎಂಟನೇ ತರಗತಿಗೆ ಕೊಡುವುದಿಲ್ಲ. ಒಂಬತ್ತರಲ್ಲೂ ಕೇಳಿದವರಿಗೆ ಮಾತ್ರ. ಮೂರನೆಯ ಭಾಗ ನನಗೆ ಅಷ್ಟೇನೂ ಹಿಡಿಸಲಿಲ್ಲ, ಎಳೆದಿದ್ದಾರೆ ಅನಿಸಿತು. ಮಕ್ಕಳಿಗೆ ಹಾಗನ್ನಬೇಡಿ, ಆಮೇಲೆ ನನ್ನನ್ನು ಬಿಡುವುದಿಲ್ಲ.

ಇನ್ನೊಬ್ಬ ತಂದೆ ಬೇರೊಂದು ಪುಸ್ತಕ ಹಿಡಿದು ಬಂದಿದ್ದರು. "ಮೇಡಂ, ಹೆಸರೇ ಓಡಿ ಹೋದ ಹುಡುಗ ಅಂತಿದೆ, ಇದನ್ನ ಓದಿ ಇವನೂ ಓಡಿ ಹೋದ್ರೆ ಏನ್ಮಾಡ್ಲಿ?" ಎಂದು ಅವರ ಆತಂಕ. ಮೊದಲು ಕೂರಿಸಿ ಚಹಾ ತರಿಸಿದೆ. ಬಸು ಬೇವಿನಗಿಡದ ಅವರ ಆ ಮಕ್ಕಳ ಕಾದಂಬರಿಗೆ 2021ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿದೆ ಎಂದು ಹೇಳಿದೆ. ಮರುವರ್ಷ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'ಗೆ ಅದೇ ಪುರಸ್ಕಾರ ಬಂದಿದೆ. ಮೂರೂ ನಮ್ಮ ಶನಿವಾರದ ನೋಟ್‌ಬುಕ್ಕಿನಲ್ಲಿವೆ. ಬಹುಮಾನ ಬಂದದ್ದಕ್ಕೇ ಪುಸ್ತಕ ಒಳ್ಳೆಯದು ಎಂದೂ ಅಲ್ಲ ಬಿಡಿ. ಹೆಸರು ನೋಡಿ ಹೆದರುವ ಬದಲು ಎರಡು ಅಧ್ಯಾಯ ನೀವೇ ಓದಿ ನೋಡಿ ಎಂದೆ. ಪುಸ್ತಕವನ್ನು ಮನೆಗೆ ಒಯ್ದರು. ಇನ್ನೂ ವಾಪಸ್ ಬಂದಿಲ್ಲ; ಸರದಿಯಲ್ಲಿ ಇಬ್ಬರು ಕಾಯುತ್ತಿದ್ದಾರೆ.

ಬಂದವರೆಲ್ಲರ ಮಾತೂ ಕೊನೆಗೆ ಒಂದೇ ಕಡೆ ಬಂದು ನಿಲ್ಲುತ್ತಿತ್ತು. "ಕತೆ ಪುಸ್ತಕ ಹಿಡಿದು ಕೂತರೆ ಪಾಠ ಯಾವಾಗ ಓದೋದು ಮೇಡಂ?" ಹತ್ತನೇ ತರಗತಿಯವರಂತೂ ಇದನ್ನು ಕೇಳಿಯೇ ಕೇಳುತ್ತಾರೆ. ನಿಮ್ಮ ಕಳವಳ ನನಗೆ ಅರ್ಥವಾಗುತ್ತದೆ. ಎಸ್ಸೆಸ್ಸೆಲ್ಸಿ ಅಂಕದ ಲೆಕ್ಕ ನಾನೂ ಪ್ರತಿ ವರ್ಷ ಉಸಿರು ಬಿಗಿಹಿಡಿದು ನೋಡುವವಳೇ. ಫಲಿತಾಂಶ ಇಳಿದರೆ ಇಲಾಖೆಗೆ ಉತ್ತರ ಕೊಡಬೇಕಾದವಳೂ ನಾನೇ. ಆದ್ದರಿಂದ ಕತೆ ಪುಸ್ತಕಕ್ಕಾಗಿ ಪಾಠ ಕೆಡಿಸುವ ಉದ್ದೇಶ ಈ ಶಾಲೆಗೆ ಇಲ್ಲ ಎಂಬುದನ್ನು ದಯವಿಟ್ಟು ನಂಬಿ.

ಪಾಠ ಕೆಡುತ್ತಿಲ್ಲ. ಮತ್ತೊಮ್ಮೆ ಹೇಳುತ್ತೇನೆ, ಪಾಠದ ಯಾವ ಪೀರಿಯಡ್ಡನ್ನೂ ಇದಕ್ಕೆ ಕಿತ್ತುಕೊಂಡಿಲ್ಲ. ಹಿಂದೆಯೂ ಶನಿವಾರದ ಆ ಹೊತ್ತು ಗ್ರಂಥಾಲಯದ ಪೀರಿಯಡ್ಡೇ ಆಗಿತ್ತು, ಆಗ ಬೀರುವಿಗೆ ಬೀಗ ಇರುತ್ತಿತ್ತು ಅಷ್ಟೆ. ಕನ್ನಡ ಪತ್ರಿಕೆಯಲ್ಲಿ ಪ್ರಬಂಧ, ಪತ್ರ, ಗಾದೆಯ ವಿಸ್ತರಣೆ ಬರುತ್ತವೆ. ಪಾಸಾಗಲು ಬೇಕಾದಷ್ಟನ್ನೇ ಆರಿಸಿ ಕೊಡುವ 'ಪಾಸಿಂಗ್ ಪ್ಯಾಕೇಜಿನ' ಉತ್ತರ ಬಾಯಿಪಾಠ ಮಾಡಿದವರು ಅಲ್ಲಿ ಬಂದು ನಿಂತುಬಿಡುತ್ತಾರೆ ಎಂಬುದು ಕನ್ನಡ ಮೇಷ್ಟ್ರ ಹಳೆಯ ಗೋಳು. ಆದರೆ ಕಾದಂಬರಿ ಓದಿದರೆ ಇಷ್ಟು ಅಂಕ ಏರುತ್ತದೆ ಎಂದು ನಾನು ಆಸೆ ತೋರಿಸುವುದಿಲ್ಲ. ಏರಬಹುದು, ಏರದಿರಬಹುದು. ಅಂಕಕ್ಕಾಗಿ ಇದನ್ನು ಇಟ್ಟುಕೊಂಡಿಲ್ಲ.

ಓದು ಎಂದರೆ ಹೊಟ್ಟೆಪಾಡಿನ ಕೆಲಸ ಮಾತ್ರ ಎಂದು ಹದಿನಾಲ್ಕನೇ ವಯಸ್ಸಿಗೇ ಮಕ್ಕಳಿಗೆ ಅನಿಸಿಬಿಟ್ಟರೆ, ಆಮೇಲೆ ಅವರ ಕೈಗೆ ಪುಸ್ತಕ ಕೊಡುವುದು ಕಷ್ಟ. ರಾತ್ರಿ ಹತ್ತರ ನಂತರ ಅವರ ಕೈಯಲ್ಲಿ ಏನಿರುತ್ತದೆ ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದನ್ನು ಬಿಡಿಸುವುದು ಹೇಗೆಂದು ಪ್ರತಿ ಪೋಷಕರ ಸಭೆಯಲ್ಲೂ ಕೇಳುತ್ತೀರಿ. ಮೂರ್ನೂರು ಪುಟದ ಪುಸ್ತಕ ಹಿಡಿದು ಮೂಲೆಯಲ್ಲಿ ಕೂತ ಹುಡುಗಿಯನ್ನು ಎಬ್ಬಿಸಿ "ಓದ್ಕೋ ಹೋಗು" ಎನ್ನುವವರೂ ನೀವೇ. ಅವಳು ಓದುತ್ತಲೇ ಇದ್ದಾಳೆ.

ಕಾಯುವುದನ್ನು ನಾವೂ ಕಂಡವರಲ್ಲವೆ? ನಿಮ್ಮಲ್ಲಿ ಬಹುಪಾಲು ಜನ ಬಾಲಮಂಗಳಕ್ಕಾಗಿ ಪೇಪರ್ ಅಂಗಡಿಯ ಮುಂದೆ ನಿಂತು, ಡಿಂಗನ ಪುಟವನ್ನು ಅಲ್ಲೇ ಓದಿ ಮುಗಿಸಿದವರು. ನಿಮ್ಮ ತಾಯಂದಿರು ಸುಧಾ ವಾರಪತ್ರಿಕೆಯ ಧಾರಾವಾಹಿಗೆ ಎಂಟು ದಿನ ಕಾದವರು, ತ್ರಿವೇಣಿ, ಎಂ. ಕೆ. ಇಂದಿರಾ ಅವರ ಕಾದಂಬರಿಗಳನ್ನು ಸರ್ಕ್ಯುಲೇಟಿಂಗ್ ಲೈಬ್ರರಿಯಿಂದ ತಂದು ಮೂರು ಮನೆಗೆ ದಾಟಿಸಿದವರು. ಅಜ್ಜಂದಿರ ದಿಂಬಿನ ಕೆಳಗೆ ಪತ್ತೇದಾರ ಪುರುಷೋತ್ತಮ ಇರುತ್ತಿದ್ದ. ಆಗಲೂ ಮನೆಯಲ್ಲಿ ಬೈಗುಳ ಇತ್ತು ಎಂಬುದನ್ನೂ ಬಲ್ಲೆ.

ಹತ್ತನೇ ತರಗತಿಯವರ ಸಮಾಧಾನಕ್ಕೆ ಕಳೆದ ವರ್ಷದ ಒಂದು ಸಂಗತಿ. ಇದೇ ಹಂಗರ್ ಗೇಮ್ಸ್ ಸರಣಿಯ 'ಸನ್‌ರೈಸ್ ಆನ್ ದ ರೀಪಿಂಗ್' 2025ರ ಮಾರ್ಚ್ 18ರಂದು ಬಿಡುಗಡೆಯಾಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಶುರುವಾದದ್ದು ಮಾರ್ಚ್ 21ಕ್ಕೆ. ಒಬ್ಬ ಹುಡುಗಿಗೆ ಬೆಂಗಳೂರಿನ ಚಿಕ್ಕಮ್ಮ ಅದನ್ನು ಮೊದಲೇ ಕಾಯ್ದಿರಿಸಿ ಪಾರ್ಸೆಲ್ ಮಾಡಿದ್ದರು. ಅವಳಮ್ಮ ಗಾಬರಿಯಾಗಿ ನನಗೆ ಫೋನ್ ಮಾಡಿದರು. ಕಿತ್ತುಕೊಳ್ಳಬೇಡಿ, ಅವಳನ್ನೇ ಕೇಳಿ ಎಂದೆ. ಹುಡುಗಿ ಪಾರ್ಸೆಲ್ ಒಡೆಯದೆ ತಾನೇ ತಂದು ನನ್ನ ಕೊಠಡಿಯ ಬೀರುವಿನಲ್ಲಿ ಇಡಿಸಿದಳು. ಮೇಲೆ ಪೆನ್ನಿನಿಂದ "ಏಪ್ರಿಲ್ 4, ಮಧ್ಯಾಹ್ನ" ಎಂದು ಬರೆದಿತ್ತು. ಕೊನೆಯ ಪರೀಕ್ಷೆ ಮುಗಿದ ದಿನ ಹಾಲ್ ಟಿಕೆಟ್ ಕೈಯಲ್ಲಿ ಹಿಡಿದುಕೊಂಡೇ ಬಂದು ಒಯ್ದಳು. ಎಲ್ಲ ಮಕ್ಕಳೂ ಹೀಗೆಯೇ ಎಂದು ನಾನು ಹೇಳಲಾರೆ. ಆದರೆ ಕಾಯಲು ಬಾರದ ಮಕ್ಕಳು ಎಂದು ನಾವು ತೀರ್ಮಾನಿಸಿಬಿಡುವುದೂ ಬೇಡ.

ನಿಮ್ಮ ಮಾತಿಗೆ ಬೆಲೆ ಕೊಟ್ಟು ಕೆಲವು ಬದಲಾವಣೆ ಮಾಡಿದ್ದೇವೆ. ಹತ್ತನೇ ತರಗತಿಗೆ ಪೂರ್ವಸಿದ್ಧತಾ ಪರೀಕ್ಷೆ ಆರಂಭವಾದ ಮೇಲೆ ಪುಸ್ತಕ ಕೊಡುವುದಿಲ್ಲ. ಹೊರಗಿನಿಂದ ಬರುವ ಹೊಸ ಪುಸ್ತಕವನ್ನು ಇಬ್ಬರು ಶಿಕ್ಷಕರಲ್ಲಿ ಒಬ್ಬರು ಓದಿದ ಮೇಲೆಯೇ ನೋಟ್‌ಬುಕ್ಕಿಗೆ ಸೇರಿಸುತ್ತೇವೆ. ಇದರಿಂದ ತಡವಾಗುತ್ತದೆಂದು ಮಕ್ಕಳು ಈಗಾಗಲೇ ಮುಖ ಊದಿಸಿಕೊಂಡಿದ್ದಾರೆ. ನಿಮ್ಮ ಮಗ ಅಥವಾ ಮಗಳು ಇಂಥ ಪುಸ್ತಕ ಓದುವುದು ಬೇಡ ಎನಿಸಿದರೆ ಒಂದು ಚೀಟಿ ಬರೆದು ಕಳಿಸಿ. ಕಾರಣ ಕೇಳುವುದಿಲ್ಲ, ಆ ಪುಸ್ತಕ ಅವರಿಗೆ ಹೋಗುವುದಿಲ್ಲ. ಅದು ನಿಮ್ಮ ಹಕ್ಕು. ಆದರೆ ನಿಮ್ಮ ಮಗುವಿಗೆ ಬೇಡವಾದದ್ದು ಪಕ್ಕದ ಮನೆಯ ಮಗುವಿಗೂ ಬೇಡ ಎಂದು ನೀವು ತೀರ್ಮಾನಿಸುವಂತಿಲ್ಲ. ಶನಿವಾರದ ಪುಸ್ತಕ ವಿನಿಮಯವನ್ನು ನಿಲ್ಲಿಸುವುದಿಲ್ಲ. ಇದನ್ನು ಕಠಿಣವಾಗಿ ಹೇಳುತ್ತಿದ್ದೇನೆಂದು ಬೇಸರಿಸಬೇಡಿ. ಶನಿವಾರ ಒಮ್ಮೆ ಬಂದು ಹಿಂದಿನ ಬೆಂಚಿನಲ್ಲಿ ಕೂತು ನೋಡಿ, ನಿಮ್ಮ ಕಾಲದ ಒಂದು ಪುಸ್ತಕವನ್ನೂ ತನ್ನಿ.

ಇನ್ನು ಈ ಪತ್ರ ಬರೆಯಲು ನಿಜವಾದ ಕಾರಣ. ಗಾಬರಿಯಲ್ಲೋ ಸಿಟ್ಟಿನಲ್ಲೋ ಕೆಲವು ಮನೆಗಳಲ್ಲಿ ಪುಸ್ತಕಗಳನ್ನು ಬೀರುವಿಗೆ ಹಾಕಿ ಬೀಗ ಹಾಕಲಾಗಿದೆ. ಅವು ನಿಮ್ಮ ಮಗುವಿನವಲ್ಲ. ಫೋಟೊದಲ್ಲಿದ್ದ ಪುಸ್ತಕ ಒಂಬತ್ತನೇ ತರಗತಿಯ ಇನ್ನೊಬ್ಬ ಹುಡುಗಿಯದು. ಅವಳ ಅಪ್ಪ ಹುಟ್ಟುಹಬ್ಬಕ್ಕೆ ಕೊಡಿಸಿದ್ದು, ಒಳರಟ್ಟಿನಲ್ಲಿ ಅವರ ಕೈಬರಹ ಇದೆ. ಅವಳು ದಿನಾ ಮಧ್ಯಾಹ್ನ ಬಂದು ನೋಟ್‌ಬುಕ್ ತೆಗೆದು ನೋಡಿ ಹೋಗುತ್ತಾಳೆ. ಕೇಳುವುದಿಲ್ಲ, ಗೆಳತಿಗೆ ಮನೆಯಲ್ಲಿ ಬೈಗುಳವಾದೀತೆಂದು.

ಮನೆಯಲ್ಲಿರುವ ಬೇರೆ ಮಕ್ಕಳ ಪುಸ್ತಕಗಳನ್ನು ಬರುವ ಶನಿವಾರದೊಳಗೆ ಕಳಿಸಿಕೊಡಿ.

ವಿಶ್ವಾಸದಿಂದ,
ಮುಖ್ಯ ಶಿಕ್ಷಕಿ

ವಿ.ಸೂ.: ಮಕ್ಕಳ ಕೈಯಲ್ಲಿ ಕಳಿಸಲು ಮುಜುಗರವೆನಿಸಿದರೆ ಆಫೀಸಿನಲ್ಲಿ ಕೊಟ್ಟು ಹೋಗಬಹುದು. ಯಾರು ತಂದರೆಂದು ಗುಮಾಸ್ತರು ಬರೆದುಕೊಳ್ಳುವುದಿಲ್ಲ. 'ಓಡಿ ಹೋದ ಹುಡುಗ' ಒಯ್ದ ತಂದೆಯವರು ಓದಿ ಮುಗಿಸಿಯೇ ಕೊಡಲಿ, ಸರದಿಯಲ್ಲಿ ಕಾಯುತ್ತಿರುವ ಇಬ್ಬರಿಗೂ ತಿಳಿಸಿದ್ದೇನೆ.