ಸ್ಕಿಲ್ ಇಲ್ಲಂತ ನಮ್ಮ ಹುಡುಗನ್ನ ಕಳಿಸಿದ್ರು, ಆಮ್ಯಾಲ ಕಲಸಾಕ ನನ್ನ ಕರದ್ರು

ಮಾನ್ಯ ಸಂಪಾದಕರಿಗೆ ನಮಸ್ಕಾರ್ರಿ,

ಸ್ಥಳೀಯರಿಗೆ ಕೆಲಸ ಅನ್ನೋ ವಿಷಯ ಎದ್ದಾಗೊಮ್ಮೆ ಪೇಪರ್‌ನಾಗ ಎರಡೇ ನಮೂನಿ ಪತ್ರ ಬರ್ತಾವ. ಒಂದು ಹೊರಗಿನವ್ರನ್ನ ಓಡಸ್ರಿ ಅಂತ, ಇನ್ನೊಂದು ನಮ್ಮ ಹುಡುಗೂರು ಆಳಸಿ ಅದಾರ ಅಂತ. ನಾ ಬೆಳಗಾವಿ ಉದ್ಯಮಬಾಗದಾಗ ಟರ್ನರ್ (ಲೇಥ್ ಓಡಸಾಂವ) ಅಂತ ಸೇರಿ, ಆಮ್ಯಾಲ ಸಿಎನ್‌ಸಿ, ಅಂದ್ರ ಕಂಪ್ಯೂಟರ್ ಮ್ಯಾಲ ಓಡೂ ಮಷಿನ್, ಹೊಂದಿಸಿ ಕೊಡೂ ಸೆಟ್ಟರ್ ಆಗಿ, ಒಟ್ಟ 31 ವರ್ಷ ಮಷಿನ್ ಮುಂದ ನಿಂತಾಂವ. ಎರಡೂ ನಮೂನಿ ಪತ್ರ ಬರಿಯೋರು ಒಂದು ದಿನಾನೂ ಶಾಪ್‌ ಒಳಗ ಕಾಲಿಟ್ಟಿಲ್ಲ ಅಂತ ನನಗ ಅನಸ್ತೈತಿ, ತಪ್ಪಿದ್ರ ಹೊಟ್ಟ್ಯಾಗ ಹಾಕ್ಕೋರಿ.

ನನ್ನ ತಂಗಿ ಮಗ ಮಷಿನಿಸ್ಟ್ ಟ್ರೇಡ್‌ನಾಗ ಐಟಿಐ ಮುಗಿಸ್ಯಾನ, ಎರಡು ವರ್ಷದ ಕೋರ್ಸು, ಮ್ಯಾಲೊಂದು ವರ್ಷ ಅಪ್ರೆಂಟಿಸ್. ದೀಪಾವಳಿ ಮುಗದ ಮ್ಯಾಲ ಒಂದು ಕಾರ್ಖಾನಿಗೆ ಇಂಟರ್‌ವ್ಯೂಗೆ ಹ್ವಾದ, ಕಾರ್ಖಾನಿ ಹೆಸರು ಬ್ಯಾಡ. ಅಲ್ಲಿ ಸರ್ಟಿಫಿಕೇಟ್ ತಿರಿವಿ ಹಾಕಿ, ವಿಎಂಸಿ (ಅದೂ ಒಂದು ನಮೂನಿ ಸಿಎನ್‌ಸಿ ಮಷಿನ್) ಮ್ಯಾಲ ಮೂರು ವರ್ಷ ಎಕ್ಸ್‌ಪೀರಿಯನ್ಸ್ ಬೇಕು, ನಿನಗ ಸ್ಕಿಲ್ ಸಾಲೂದಿಲ್ಲ ಅಂದು ಕಳಿಸಿದ್ರು. ಆತು, ಅವರ ಮಷಿನ್ ಅವರ ಇಷ್ಟ. ಹದಿನೈದು ದಿನಕ್ಕ ಅದೇ ಕಾರ್ಖಾನಿಯಿಂದ ನನಗ ಫೋನು, ಹೊಸಾ ಹುಡುಗೂರು ಬಂದಾರ, ಒಂದೆರಡು ತಿಂಗಳ ಬಂದು ಸ್ವಲ್ಪ ತೋರಿಸಿಕೊಡ್ರಿ ಅಂತ. ಮನ್ಯಾಗ ಖಾಲಿ ಕುಂತಿದ್ದೆ, ಹ್ವಾದೆ. ನೋಡಿದ್ರ ಲೇಬರ್ ಠೇಕೇದಾರ ಉತ್ತರದ ಕಡಿಂದ ಎಂಟು ಮಂದಿನ ತಂದಾನ. ಭಾಳ ಚಲೋ ಹುಡುಗೂರು, ನನಗ ಚಾಚಾ ಚಾಚಾ ಅನ್ನಾವ್ರು, ಆದ್ರ ಅವರೊಳಗ ಐದು ಮಂದಿಗೆ ಅಳತಿ ತಗೊಳ್ಳೂ ವರ್ನಿಯರ್ ಓದಾಕ ಬರ್ತಿರಲಿಲ್ಲ. ವರ್ನಿಯರ್ ಹಿಡಿಯೂದು, ಜಾಬ್ ಕ್ಲ್ಯಾಂಪ್ ಮಾಡೂದು, ಟೂಲ್ ಸವದ್ರ ಸಪ್ಪಳದ ಮ್ಯಾಲ ಹೆಂಗ ಗುರ್ತು ಹಿಡಿಯೂದು, ಟೂಲಿನ ಅಳತಿ ಸರಿ ಮಾಡೂ ಆಫ್‌ಸೆಟ್ ಹೆಂಗ ಹಾಕೂದು, ಎಲ್ಲಾ ಕಲಿಸಿದೆ. ಆರು ವಾರದಾಗ ಮಷಿನ್ ಓಡಸಾಕ ತಯಾರಾದ್ರು.

ಆರು ವಾರದಾಗ ಕಲಿಸೂ ಕೆಲಸಕ್ಕ ನಮ್ಮ ಹುಡುಗನಿಗೆ ಮೂರು ವರ್ಷದ ಅನುಭವ ಯಾಕ ಕೇಳಿದ್ರು? ಅಲ್ಲಿ ಸೂಪರ್‌ವೈಸರ್ ನನ್ನ ಹಳೇ ದೋಸ್ತ, ಚಹಾ ಕುಡಿತ ಖರೇ ಹೇಳಿದ. "ಇವರು ಕಾರ್ಖಾನಿ ಹಿಂದಿನ ಖೋಲ್ಯಾಗ ಇರ್ತಾರ್ರಿ, 12 ತಾಸು ನಿಂದ್ರತಾರ, ರಾತ್ರಿ ಎರಡಕ್ಕ ಎಬ್ಬಿಸಿದ್ರೂ ಬರ್ತಾರ. ನಿಮ್ಮ ಹುಡುಗೂರು ಭಾರತ ಹುಣ್ಣಿಮಿಗೆ ಯಲ್ಲಮ್ಮನ ಗುಡ್ಡಕ್ಕ ಹೋಗ್ತಾವ, ಮಳಿ ಆತಂದ್ರ ಬಿತ್ತಾಕ ಹೋಗ್ತಾವ, ಮೇ ತಿಂಗಳ ಅಂತೂ ಕಾಕಾನ ಮಗನ ಲಗ್ನ, ಅತ್ತಿ ಮಗಳ ಲಗ್ನ, ಡಿಸ್ಪ್ಯಾಚ್ ನಾ ಹೆಂಗ ಕೊಡ್ಲಿ?" ಅಂದ. ಅಂವ ಹೇಳಿದ್ದು ಸುಳ್ಳೇನಲ್ಲ, ನಾನೂ ಹಂಗ ಸುಟ್ಟಿ ಹಾಕಿ ಗುಡ್ಡಕ್ಕ ಹ್ವಾದಾಂವನ. ಆದ್ರ ಹಂಗಿದ್ರ ಅದನ್ನ ಸ್ಕಿಲ್ ಅಂತ ಕರಿಬ್ಯಾಡ್ರಿ, ಊರು ಬಿಟ್ಟು ಬಂದಾಂವಗ ಹೋಗಾಕ ಬ್ಯಾರೆ ಜಾಗಾ ಇರೂದಿಲ್ಲ, ಅದಕ್ಕ ನಿಂದ್ರತಾನ, ಅಷ್ಟ.

ಹೊರಗಿಂದ ಬರೋ ಎಲ್ಲಾರೂ ಹಿಂಗಂತ ನಾ ಹೇಳೂದಿಲ್ಲ. ಫೌಂಡ್ರ್ಯಾಗ ಉಸುಕಿನ ಅಚ್ಚು ಮಾಡೂ ಒಬ್ಬ ಒಡಿಶಾದ ಮೋಲ್ಡರ್ ಇದ್ದ, ಉಸುಕು ಮುಷ್ಟ್ಯಾಗ ಹಿಡದು ಹಿಚುಕಿ ಬಿಟ್ಟು ಇದರಾಗ ನೀರ ಹೆಚ್ಚಾತು ಅಂತ ಹೇಳಾಂವ, ಲ್ಯಾಬಿನ ರಿಪೋರ್ಟ್ ಅರ್ಧ ತಾಸಿನ ಮ್ಯಾಲ ಬಂದು ಅದನ್ನ ಹೇಳೂದು. ಬ್ಲೋ ಹೋಲ್ (ಗಾಳಿ ಸಿಕ್ಕು ಆದ ತೂತು) ಬಿದ್ದ ಕಾಸ್ಟಿಂಗ್ ನೋಡಿದ್ರ ತಪ್ಪು ಯಾರದು ಅಂತ ಅಲ್ಲೇ ಹೇಳಾಂವ. ಅಂಥಾಂವ ಬರ್ಲಿ, ಕರದು ಪಗಾರ ಕೊಟ್ಟು ಇಟ್ಕೊಬೇಕು, ಅವನ ಕೈಕೆಳಗ ನಮ್ಮ ನಾಲ್ಕು ಹುಡುಗೂರು ತಯಾರಾಗ್ತಾರ. ಈಗ ಅಂವ ನನಗಿಂತ ಚಲೋ ಕನ್ನಡದಾಗ ಬೈತಾನ. ಇನ್ನ ಕಾಸ್ಟಿಂಗ್ ತಿಕ್ಕಿ ಸ್ವಚ್ಛ ಮಾಡೂ ಫೆಟ್ಲಿಂಗ್ ಸೆಕ್ಷನ್ನಿಗೆ, ಫರ್ನೆಸ್ ಮುಂದ, ನಮ್ಮ ಹುಡುಗೂರು ಮೂರನೇ ದಿನಕ್ಕ ಬಿಟ್ಟು ಓಡಿ ಹ್ವಾದದ್ದೂ ನಾ ನೋಡೇನಿ, ಧೂಳಿ ಅಂತ ಧೂಳಿ ಅಲ್ಲಿ.

ನಮ್ಮ ಓಣ್ಯಾಗಿನ ಒಬ್ಬ ಹುಡುಗ ಕೆನಡಾದಾಗ ಅದಾನ, ಅವನ ಕಡಿಂದ ಒಂದು ಸುದ್ದಿ ತಿಳಿತು, ಆಮ್ಯಾಲ ನಾನೂ ಓದಿದೆ. ಅಲ್ಲಿ ಮಾಲಕ ಹೊರದೇಶದ ಕೆಲಸಗಾರನ್ನ ತರಬೇಕಂದ್ರ ಮೊದಲ ಇಲ್ಲಿ ಯಾರೂ ಸಿಗಲಿಲ್ಲ ಅಂತ ಸರ್ಕಾರಕ್ಕ ತೋರಿಸಬೇಕು. 2024ರ ಸೆಪ್ಟೆಂಬರ್ 26ರಿಂದ ಇನ್ನೂ ಬಿಗಿ ಮಾಡಿದ್ರು, ಯಾವ ದೊಡ್ಡ ನಗರದ ಭಾಗದಾಗ ನಿರುದ್ಯೋಗ ಶೇ 6 ಅಥವಾ ಅದಕ್ಕಿಂತ ಹೆಚ್ಚೈತಿ ಅಲ್ಲಿ ಕಡಿಮಿ ಪಗಾರದ ಕೆಲಸಕ್ಕ ಹೊರಗಿಂದ ಮಂದಿ ತರೂ ಅರ್ಜಿನ ತಗೊಳ್ಳೂದಿಲ್ಲ ಅಂತ. ಆಸ್ಪತ್ರಿ, ಬಿಲ್ಡಿಂಗ್ ಕೆಲಸ, ಹೊಲದ ಕೆಲಸ ಇಂಥಾವಕ್ಕ ವಿನಾಯಿತಿ ಇಟ್ಟಾರ. ನಮ್ಮ ಹುಡುಗೂರಿಗೆ ಅದು ತ್ರಾಸಿನ ಸುದ್ದಿನ, ಆದ್ರೂ ಇದರಾಗ ನನಗ ಹಿಡಿಸಿದ್ದು ಊರಿಗೊಂದು ಲೆಕ್ಕ ಇಡೂ ರೀತಿ. ಇಡೀ ದೇಶಕ್ಕ ಒಂದ ನಮೂನಿ ಇಲ್ಲ, ಎಲ್ಲಿ ಕೆಲಸ ಇಲ್ಲದವ್ರು ಹೆಚ್ಚದಾರ ಅಲ್ಲಷ್ಟ ಬಿಗಿ. ನಮ್ಮಲ್ಲಿ ಬೆಳಗಾವಿ ಜಿಲ್ಲಾದಾಗ ಈ ತಿಂಗಳ ಎಷ್ಟ ಮಂದಿ ಖಾಲಿ ಅದಾರ ಅಂತ ಪೇಪರ್‌ನಾಗ ಬಂದದ್ದು ನಾ ಒಂದು ಸಲನೂ ಓದಿಲ್ಲ. ಬೆಂಗಳೂರಿನ ಲೆಕ್ಕಕ್ಕೂ ರಾಮದುರ್ಗದ ಲೆಕ್ಕಕ್ಕೂ ಸಂಬಂಧ ಐತೇನ್ರಿ?

ಆದ್ರ ಅದನ್ನ ಹಂಗ ಎತ್ತಿ ಇಲ್ಲಿ ಇಡಾಕ ಬರೂದಿಲ್ಲ, ಯಾಕಂದ್ರ ಬಿಹಾರದ ಹುಡುಗ ನಮಗ ಫಾರಿನ್‌ನಾಂವ ಅಲ್ಲ. ದೇಶದಾಗ ಎಲ್ಲಿ ಬೇಕಾದ್ರೂ ಹೋಗಿ ಇರೂ ಹಕ್ಕು ಸಂವಿಧಾನದ 19ನೇ ವಿಧಿಯೊಳಗ ಅವಗೂ ಐತಿ ನನಗೂ ಐತಿ. ಹರಿಯಾಣದಾಗ ತಿಂಗಳಾ 30 ಸಾವಿರದ ಒಳಗಿನ ಖಾಸಗಿ ಕೆಲಸದಾಗ ಶೇ 75 ಸ್ಥಳೀಯರಿಗೆ ಅಂತ ಕಾಯ್ದೆ ಮಾಡಿದ್ರು, 2023ರ ನವೆಂಬರ್‌ನಾಗ ಹೈಕೋರ್ಟು ಅದನ್ನ ರದ್ದು ಮಾಡ್ತು. ನಮ್ಮಲ್ಲಿ 2024ರ ಜುಲೈನಾಗ ಏನಾತು ಅಂತ ಎಲ್ಲಾರಿಗೂ ನೆನಪೈತಿ, ಮ್ಯಾನೇಜ್‌ಮೆಂಟ್ ಹುದ್ದೆದಾಗ ಶೇ 50, ಉಳಿದಾವದಾಗ ಶೇ 70 ಅಂತ ಸಂಪುಟದಾಗ ಬಿಲ್ ಪಾಸ್ ಮಾಡಿದ್ರು, ಬೆಂಗಳೂರಿನ ಕಂಪನಿಗಳು ಒಂದು ಸಲ ಕೂಗ್ಯಾಡಿದ ಕೂಡ್ಲೆ ಎರಡೇ ದಿನದಾಗ ತಡಿ ಹಿಡದ್ರು. ಕನ್ನಡಿಗರಿಗೆ ಕೆಲಸ ಕೊಡೂದರ ಬಗ್ಗೆ ಸರೋಜಿನಿ ಮಹಿಷಿ ಅವರು 58 ಶಿಫಾರಸು ಬರದು ಕೊಟ್ಟು ನಾಲ್ಕು ದಶಕ ಆತು, ಅವರೂ ನಮ್ಮ ಧಾರವಾಡದ ಸಂಸದರಾಗಿದ್ದವ್ರೇ, ಅದರ ಗತಿನೂ ಗೊತ್ತಿದ್ದದ್ದೇ.

ಆ 2024ರ ಬಿಲ್ಲಿನಾಗ ಸ್ಥಳೀಯ ಅಂದ್ರ ಇಲ್ಲೇ ಹುಟ್ಟಿ, 15 ವರ್ಷ ಇದ್ದು, ಕನ್ನಡ ಓದಾಕ ಬರಿಯಾಕ ಬರೂವಂಥಾಂವ ಅಂತಿತ್ತು. ಬೆಂಗಳೂರಿನಾಗ ಕುಂತು ಬರದ್ರ ಹಂಗ ಆಗ್ತೈತಿ. ನನ್ನ ಬಾಜು ಮಷಿನ್ ಮ್ಯಾಲ ಇಪ್ಪತ್ತು ವರ್ಷ ನಿಂತಾಂವ ಮಚ್ಛೆ ಊರಾಂವ, ಮನ್ಯಾಗ ಮರಾಠಿ, ಸಾಲಿ ಮರಾಠಿ, ನನ್ನ ಜೋಡಿ ಕನ್ನಡ, ಅವನ ಅಜ್ಜನ ಹೊಲದಾಗ ಕಾರ್ಖಾನಿ ಎದ್ದಾವ. ಅವನ ಮಗ ಕನ್ನಡ ಪರೀಕ್ಷಾ ಪಾಸ್ ಆಗೂತನಕ ಹೊರಗಿನಾಂವ ಅಂತ ಹೇಳಾಕ ನನಗ ಬಾಯಿ ಬರೂದಿಲ್ಲ. ಕನ್ನಡ ಕಲೀಲಿ, ಕಲಿಬೇಕು, ಅದು ಬ್ಯಾರೆ ಮಾತು.

ಇನ್ನೊಂದು, ಗೇಟ್ ಹಾಕಿದ್ರ ನಮ್ಮವ್ರ ಗತಿ ಏನು ಅಂತ ಯಾರೂ ಕೇಳೂದಿಲ್ಲ. ವಿಜಯಪುರ, ಬಾಗಲಕೋಟಿ ಕಡಿಯವ್ರು ಎಷ್ಟು ಮಂದಿ ಗೋವಾದಾಗ ಗಾರಿ ಕೆಲಸ ಮಾಡ್ತಾರ, ಮೀನಿನ ಧಕ್ಕಿ ಮ್ಯಾಲ ದುಡಿತಾರ, ವೆರ್ನಾದ ಕಾರ್ಖಾನಿಯೊಳಗ ಅದಾರ, ಬೈನಾದಾಗ ಮನಿ ಕೆಡವಿಸಿಕೊಂಡವ್ರನ್ನ ಕೇಳಿ ನೋಡ್ರಿ. ನಿಪ್ಪಾಣಿ, ಚಿಕ್ಕೋಡಿ ಕಡಿ ಹುಡುಗೂರು ಕೊಲ್ಲಾಪುರದ ಶಿರೋಳಿ, ಗೋಕುಳ ಶಿರಗಾಂವ ಎಂಐಡಿಸಿಗೆ (ಮಹಾರಾಷ್ಟ್ರದ ಕೈಗಾರಿಕಾ ಪ್ರದೇಶ) ಹೋಗ್ತಾರ. ಅತ್ಲಾಗ ಬೀಡ್ ಕಡಿಂದ ಕಬ್ಬು ಕಡಿಯೂ ಗ್ಯಾಂಗ್ ಪ್ರತಿ ವರ್ಷ ನಮ್ಮ ಹೊಲಕ್ಕ ಬರ್ತಾವ, ಹೊಲದ ಬಾಜು ಗುಡಿಸಲಾಗ ಕೂಸು ಕಟ್ಕೊಂಡು ಇರ್ತಾರ, ಅವರು ನಮ್ಮ ಕೆಲಸ ಕಸಗೊಂಡ್ರು ಅಂತ ಇಲ್ಲೀ ತನಕ ಒಬ್ಬ ಲೀಡರ್ ಭಾಷಣ ಮಾಡಿದ್ದು ನಾ ಕೇಳಿಲ್ಲ. ಯಾಕಂದ್ರ ಆ ಕೆಲಸ ನಮಗ ಬ್ಯಾಡಾಗೇತಿ.

ಹಿಂಗಾಗಿ ನಾ ಹೇಳೂದು ಏನಂದ್ರ, ಪರ್ಸೆಂಟೇಜ್ ಜಗಳ ಬಿಟ್ಟು ಹೊರಗಿನಾಂವನ್ನ ಅಗ್ಗ ಮಾಡೂ ವ್ಯವಸ್ಥಾ ಐತಲ್ಲ ಅದನ್ನ ಮೊದಲ ಹಿಡೀರಿ. 1979ರಾಗೇ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದಿತ್ತು. ಠೇಕೇದಾರ ಲೈಸೆನ್ಸ್ ತಗೋಬೇಕು, ಇಲ್ಲಿಯವ್ರಿಗೆ ಕೊಡೂ ಪಗಾರನ ಕೊಡಬೇಕು, ಮ್ಯಾಲ ಊರು ಬಿಟ್ಟು ಬಂದದ್ದಕ್ಕ ತಿಂಗಳ ಪಗಾರದ ಅರ್ಧ ಭತ್ಯೆ, ಬಂದು ಹೋಗೂ ಖರ್ಚು, ಇರಾಕ ಜಾಗಾ. ಖರೇ ಖರೇ ಅದನ್ನ ಜಾರಿ ಮಾಡಿದ್ರ ದೂರಿಂದ ಮಂದಿ ತರೂದು ಲೋಕಲ್ ಹುಡುಗನ್ನ ಇಡೂದಕ್ಕಿಂತ ತುಟ್ಟಿ ಆಗಿ, ಖರೇ ಸ್ಕಿಲ್ ಇದ್ದಾಂವನ್ನಷ್ಟ ತರ್ತಿದ್ರು. 31 ವರ್ಷದಾಗ ಆ ಭತ್ಯೆ ಮುಟ್ಟಿದಾಂವ ಒಬ್ಬನೂ ನನಗ ಭೆಟ್ಟಿ ಆಗಿಲ್ಲ. ಈಗ ಅದನ್ನ ಹೊಸಾ ಲೇಬರ್ ಕೋಡ್ ಒಳಗ ಸೇರಿಸ್ಯಾರ, ಊರು ಬಿಟ್ಟದ್ದಕ್ಕ ಕೊಡೂ ಭತ್ಯೆನೇ ಅದರಾಗ ಇಲ್ಲ. ಯಾರಿಗೆ ಅನುಕೂಲ ಆತು ಲೆಕ್ಕ ಹಾಕ್ರಿ. 12 ತಾಸು ದುಡಿಸಿಕೊಂಡು 8 ತಾಸಿನ ರಜಿಸ್ಟರ್ ಬರಿಯೂದು, ಓಟಿ ಡಬಲ್ ಕೊಡದಿರೂದು, ಪಿಎಫ್ ತುಂಬದಿರೂದು, ಇವನ್ನ ಇನ್‌ಸ್ಪೆಕ್ಟರ್ ಬಂದು ನೋಡಿದ್ರ ಬಿಹಾರದ ಹುಡುಗನಿಗೂ ನ್ಯಾಯ, ಬೈಲಹೊಂಗಲದ ಹುಡುಗನಿಗೂ ಕೆಲಸ.

ಇನ್ನ ಖಾಲಿ ಹುದ್ದೆ ವಿಷಯ. 25ಕ್ಕಿಂತ ಕಡಿಮಿ ಇಲ್ಲದಷ್ಟು ಮಂದಿ ಇರೂ ಖಾಸಗಿ ಕಾರ್ಖಾನಿ ತನ್ನ ಖಾಲಿ ಹುದ್ದೆ ಉದ್ಯೋಗ ವಿನಿಮಯ ಕೇಂದ್ರಕ್ಕ ತಿಳಸಬೇಕು ಅಂತ 1959ರಾಗ ಕಾಯ್ದೆ ಆಗಿತ್ತು, ತಿಳಸೂದಷ್ಟ, ಅಲ್ಲಿಂದನ ತಗೋಬೇಕು ಅಂತ ಒತ್ತಾಯ ಇರಲಿಲ್ಲ. ಅಷ್ಟಾದ್ರೂ ಆಗಿದ್ರ ನಮ್ಮ ತಂಗಿ ಮಗನಿಗೆ ಎಂಟು ಜಾಗಾ ಖಾಲಿ ಅದಾವ ಅಂತ ಗೊತ್ತಾಗಿರೂದು. ನನ್ನ ವಿಚಾರ ಇಷ್ಟ: ಠೇಕೇದಾರನ ಮೂಲಕ ಮಂದಿ ತರೂ ಮೊದಲ ಕಾರ್ಖಾನಿಯವ್ರು ಜಿಲ್ಲಾದ ಎಲ್ಲಾ ಐಟಿಐ ಬೋರ್ಡ್ ಮ್ಯಾಲ ಪಗಾರ ಎಷ್ಟು, ಯಾವ ಮಷಿನ್, ಯಾವ ಪಾಳಿ ಅಂತ ಹಚ್ಚಿ ಒಂದು ತಿಂಗಳ ಕಾಯಲಿ, ಬಂದವ್ರಿಗೆ ಮಷಿನ್ ಮ್ಯಾಲ ನಿಂದ್ರಿಸಿ ಟ್ರೇಡ್ ಟೆಸ್ಟ್ ಮಾಡ್ಲಿ, ಫೇಲ್ ಆದ್ರ ಯಾಕ ಫೇಲ್ ಅಂತ ಒಂದು ಹಾಳಿ ಮ್ಯಾಲ ಬರದು ಕೊಡ್ಲಿ. ಸ್ಕಿಲ್ ಇಲ್ಲ ಅಂತ ಬಾಯಿಲೆ ಹೇಳೂದು ಸಸಾರ, ಬರದು ಕೊಡೂದು ಬಿಗಿ ಆಗ್ತೈತಿ.

ಐಟಿಐದವ್ರಿಗೂ ಒಂದು ಮಾತು. ಸರ್ಕಾರ 150 ಸರ್ಕಾರಿ ಐಟಿಐಗಳಿಗೆ ಟಾಟಾ ಟೆಕ್ನಾಲಜೀಸ್ ಜೋಡಿ ಸೇರಿ ರೋಬೋಟ್, ಸಿಎನ್‌ಸಿ ಎಲ್ಲಾ ತಂದಿಟ್ಟೈತಿ, ಚಲೋ ಆತು. ಆ ಮಷಿನ್ ಮ್ಯಾಲ ಹುಡುಗ ಖರೇ ಎಷ್ಟು ತಾಸು ನಿಂತಾನ ಅಂತ ಸರ್ಟಿಫಿಕೇಟ್ ಮ್ಯಾಲ ಬರಿರಿ. ಹಾಂಗ ಅಪ್ರೆಂಟಿಸ್. 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ಇದ್ದ ಕಾರ್ಖಾನಿ ಶೇ 2.5ರಿಂದ 15ರ ತನಕ ಅಪ್ರೆಂಟಿಸ್ ತಗೋಬೇಕು ಅಂತ ನಿಯಮ ಐತಿ, ತಗೋತಾರ, ವರ್ಷಗಟ್ಲೆ ಕೆಲಸ ಮಾಡಿಸಿಕೊಂಡು ಹೋಗಿ ಬಾರಪಾ ಅಂತಾರ, ಮುಂದಿನ ಬ್ಯಾಚ್ ಬರ್ತೈತಿ. ಒಂದು ವರ್ಷ ನಿಮ್ಮ ಮಷಿನ್ ಮ್ಯಾಲ ದುಡಿದ ಹುಡುಗನ್ನೇ ಅನುಭವ ಇಲ್ಲ ಅಂದ್ರ ಆ ಒಂದು ವರ್ಷ ಅಂವ ಅಲ್ಲೇನು ಕಸಾ ಹೊಡಿತಿದ್ನೇನ್ರಿ?

ನನ್ನ ತಂಗಿ ಮಗ ಸಂಕ್ರಾಂತಿ ಆದ ಮ್ಯಾಲ ಶಿರೋಳಿಗೆ ಹ್ವಾದ. ಅಲ್ಲಿ ಮೂರು ವರ್ಷದ ಅನುಭವ ಯಾರೂ ಕೇಳಲಿಲ್ಲಂತ. ಕಾರ್ಖಾನಿ ಹಿಂದ ಒಂದು ಖೋಲಿ, ನಾಲ್ಕು ಮಂದಿ, 12 ತಾಸಿನ ಪಾಳಿ. ಅಲ್ಲಿ ಸೂಪರ್‌ವೈಸರ್ ಕರ್ನಾಟಕದ ಹುಡುಗೂರು ಭಾಳ ಚಲೋ, ರಜಾನ ಕೇಳೂದಿಲ್ಲ ಅಂತ ಹೊಗಳ್ತಾನಂತ. ಭಾರತ ಹುಣ್ಣಿಮಿಗೆ ಗುಡ್ಡಕ್ಕ ಹೋಗೂಣು ಬಾರೋ, ನಿಮ್ಮವ್ವ ಹರಕಿ ಹೊತ್ತಾಳ ಅಂತ ಫೋನ್ ಮಾಡಿದೆ. "ಸುಟ್ಟಿ ಸಿಗೂದಿಲ್ಲ ಮಾಮಾ, ನೀವೇ ಹೋಗಿ ಬರ್ರಿ" ಅಂದ.

ಇಂತಿ,
ಉದ್ಯಮಬಾಗದ ಒಬ್ಬ ರಿಟೈರ್ಡ್ ಸೆಟ್ಟರ್, ಬೆಳಗಾವಿ